ಹನ್ನೊಂದರಲ್ಲಿ ಏಳು

ಮಾರ್ಚ್ ೪

ಅಪ್ಪ,

ವರ್ಷಕ್ಕೊಂದು ಕಾರ್ಡು ಬಿಟ್ಟರೆ ನಾನು ನಿಮಗೆ ಬರೆದು ಎಷ್ಟು ಕಾಲವಾಯಿತೆಂದು ಲೆಕ್ಕ ಹಾಕಲು ಹೋಗಬೇಡಿ. ನಾನು ಹಾಕಿ ನೋಡಿದೆ, ನಾಚಿಕೆಯಾಯಿತು. ಫೋನ್ ಮಾಡೋಣವೆಂದರೆ ಸುರಂಗದ ಪಂಪುಗಳು ನಿಮ್ಮ ಕಿವಿಯನ್ನು ತಿಂದುಹಾಕಿವೆ. ಹಾಗಾಗಿ ಈ ಕಾಗದ.

ಕೂತಲ್ಲಿ ಕೂರಲಾಗುತ್ತಿಲ್ಲ, ಯಾರಿಗಾದರೂ ಹೇಳದೆ ಇರಲಾಗುತ್ತಿಲ್ಲ. ಹೊರಗಿನವರಿಗೆ ಹೇಳಬಾರದೆಂಬುದು ನಮ್ಮ ತಂಡದ ನಿಯಮ. ಆದರೆ ನೆಲದಿಂದ ನೂರು ಮೀಟರ್ ಕೆಳಗೆ, ಕಣಗಳನ್ನು ಪತ್ತೆಹಚ್ಚುವ ಆ ಡಿಟೆಕ್ಟರಿನ ಹೊಟ್ಟೆಯೊಳಗೆ ಒಂಬತ್ತು ವರ್ಷ ಕೇಬಲ್ ಎಳೆದ ನೀವು ಹೊರಗಿನವರು ಹೇಗಾಗುತ್ತೀರಿ? ಹಾಗೆ ನೋಡಿದರೆ ನಾನೇ ಹೊರಗಿನವಳು. ರೈಲಿನಲ್ಲಿ ಒಂದು ಹಗಲಿನಷ್ಟು ದೂರದಲ್ಲಿ ಕೂತು, ಅದು ಕಳಿಸುವ ಅಂಕಿಗಳನ್ನು ಪರದೆಯ ಮೇಲೆ ನೋಡುವವಳು. ಇವತ್ತಿನವರೆಗೂ ಅದನ್ನು ಕಣ್ಣಾರೆ ಕಂಡಿಲ್ಲ. ಅದು ಇರುವುದು ನಿಮ್ಮ ಊರಿನಲ್ಲಿ. ಅಲ್ಲಿಗೆ ಬರದಿರಲು ಪ್ರತಿ ವರ್ಷವೂ ನನಗೊಂದು ಕಾರಣ ಸಿಕ್ಕಿದೆ.

ನಾವು ಹುಡುಕುತ್ತಿರುವುದು ಏನೆಂದು ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ನಕ್ಷತ್ರಗಳ ಗುಂಪುಗಳು ಚದುರಿಹೋಗದಂತೆ ಹಿಡಿದಿಟ್ಟಿರುವ ಏನೋ ಒಂದು ಇದೆ. ಕಣ್ಣಿಗೆ ಕಾಣುವುದಿಲ್ಲ, ಕೈಗೆ ಸಿಗುವುದಿಲ್ಲ, ಭಾರ ಮಾತ್ರ ಇದೆ. ಕಪ್ಪು ದ್ರವ್ಯ ಎನ್ನುತ್ತೇವೆ. ಅದು ಯಾವುದರಿಂದ ಆದದ್ದೆಂದು ಯಾರಿಗೂ ಗೊತ್ತಿಲ್ಲ. ಸೂಪರ್‌ಸಿಮೆಟ್ರಿ ಎಂಬ ಸಿದ್ಧಾಂತದ ಪ್ರಕಾರ ನಮಗೆ ಗೊತ್ತಿರುವ ಒಂದೊಂದು ಕಣಕ್ಕೂ ಅದಕ್ಕಿಂತ ಭಾರವಾದ ಒಂದೊಂದು ಜೋಡಿ ಇದೆ. ಆ ಜೋಡಿಗಳ ಪೈಕಿ ಎಲ್ಲಕ್ಕಿಂತ ಹಗುರವಾದದ್ದೇ ಕಪ್ಪು ದ್ರವ್ಯ ಇರಬಹುದು. ಪ್ರೋಟಾನುಗಳನ್ನು ಎದುರುಬದುರು ಓಡಿಸಿ ಗುದ್ದಿಸಿದಾಗ ಅದೂ ಹುಟ್ಟಬಹುದು. ಹುಟ್ಟಿದರೂ ನಿಮ್ಮ ಕೇಬಲುಗಳಿಗೆ ಸುಳಿವು ಕೊಡದೆ ಗೋಡೆ ದಾಟಿ ಹೊರಟುಹೋಗುತ್ತದೆ. ಹಾಗಾದರೆ ಅದು ಬಂದುಹೋದದ್ದು ಗೊತ್ತಾಗುವುದು ಹೇಗೆ? ಗುದ್ದಿದ ಜಾಗದಿಂದ ಸಿಡಿದದ್ದೆಲ್ಲ ಸುತ್ತಲೂ ಸರಿಸಮ ಆಗಬೇಕು, ಎಡಕ್ಕೆ ಎಷ್ಟೋ ಬಲಕ್ಕೂ ಅಷ್ಟೇ. ಒಂದು ಕಡೆ ಕಡಿಮೆ ಬಿದ್ದರೆ ಆ ಕಡೆಯಿಂದ ಏನೋ ಕಾಣದಂತೆ ಹೊರಬಿದ್ದಿದೆ ಎಂದರ್ಥ. ಅದಕ್ಕೆ ಕಾಣೆಯಾದ ಶಕ್ತಿ ಎಂದು ಹೆಸರು.

ಆಸೆ ನಮ್ಮ ಕಣ್ಣು ಕಟ್ಟಬಾರದೆಂದು ನಾವೊಂದು ಪದ್ಧತಿ ಇಟ್ಟುಕೊಂಡಿದ್ದೇವೆ. ಅಂಥ ಘಟನೆಗಳು ಎಲ್ಲಿ ಸಿಗಬಹುದೋ ಆ ಭಾಗದ ಅಂಕಿಗಳನ್ನು ಮೊದಲೇ ಮುಚ್ಚಿಡುತ್ತೇವೆ. ಪೆಟ್ಟಿಗೆ ಎನ್ನುತ್ತೇವೆ ಅದಕ್ಕೆ. ಲೆಕ್ಕದ ವಿಧಾನವೆಲ್ಲ ಗಟ್ಟಿಯಾದ ಮೇಲೆ ಎಲ್ಲರ ಎದುರಿಗೆ ಒಂದೇ ಸಲ ತೆರೆಯುವುದು. ತೆರೆದ ಮೇಲೆ ಏನನ್ನೂ ತಿದ್ದುವಂತಿಲ್ಲ. ಮೂರು ವರ್ಷ ಮುಚ್ಚಿಟ್ಟಿದ್ದ ನನ್ನ ಪೆಟ್ಟಿಗೆಯನ್ನು ಕಳೆದ ವಾರ ತೆರೆದೆವು. ಮಾಮೂಲಿ ಕಾರಣಗಳಿಂದಲೇ ಅಲ್ಲಿ ಮೂರು ಘಟನೆಗಳು ಇರಬೇಕಿತ್ತು. ಹನ್ನೊಂದು ಇದ್ದವು.

ಹನ್ನೊಂದು, ಅಪ್ಪ! ನಮ್ಮ ಮುಖ್ಯಸ್ಥರನ್ನು ನಾವು ಗಡಿಯಾರ ಎಂದು ಕರೆಯುತ್ತೇವೆ, ಒಂದು ನಿಮಿಷ ಆಚೀಚೆ ಆಗುವವರಲ್ಲ. ಅವರು ಆ ದಿನ ಊಟಕ್ಕೆ ಹೋಗುವುದನ್ನೇ ಮರೆತರು. ಆಗಸ್ಟಿನಲ್ಲಿ ದೊಡ್ಡ ಸಮ್ಮೇಳನವಿದೆ, ಅಲ್ಲಿ ಎದ್ದು ನಿಂತು ಹೇಳುವವಳು ನಾನು. ನನ್ನ ಈ ಕೆಲಸದ ಅವಧಿ ಡಿಸೆಂಬರಿಗೆ ಮುಗಿಯುತ್ತದೆ. ಈ ಹನ್ನೊಂದು ಉಳಿದರೆ ನಾನೂ ಉಳಿದೆ.

ಖುಷಿ ಹಂಚಿಕೊಳ್ಳೋಣವೆಂದು ಬರೆಯಲು ಕೂತೆ. ಈಗ ಓದಿ ನೋಡಿದರೆ ಖುಷಿಗಿಂತ ಗಾಬರಿಯೇ ಹೆಚ್ಚು ಕಾಣುತ್ತಿದೆ.

ನಿಮ್ಮ ಮಗಳು

---

ಮಾರ್ಚ್ ೧೯

ಮರಿ,

ನಿನ್ನ ಕಾಗದ ಬಂದಾಗ ನನ್ನ ಮೇಜಿನ ಮೇಲೆ ಮೂರು ಹೊಲಿಗೆ ಯಂತ್ರಗಳು ಹೊಟ್ಟೆ ಬಿಚ್ಚಿಕೊಂಡು ಮಲಗಿದ್ದವು. ನಿವೃತ್ತನಾದ ಮೇಲೆ ಅದೇ ನನ್ನ ಕಸುಬು. ಕೆಳಗಿನ ಲಾಂಡ್ರಿಯವಳು ಲಕೋಟೆ ತಂದುಕೊಟ್ಟು, ಕಿವಿಯ ಹತ್ತಿರ ಬಂದು ಕೂಗಿದಳು: "ಮಗಳದ್ದು ಕಣ್ರೀ! ಕಾರ್ಡಲ್ಲ, ಕಾಗದ! ದಪ್ಪ ಇದೆ!" ಈಗ ಬೀದಿಗೆಲ್ಲ ಗೊತ್ತಾಗಿದೆ. ಒಳಗಿದ್ದದ್ದು ಗುಟ್ಟೆಂದು ಅವಳಿಗೆ ಹೇಳಿಲ್ಲ.

ಎರಡು ಸಲ ಓದಿದೆ. ಮೊದಲ ಸಲ ಅಕ್ಷರ ನೋಡಲು, ಎರಡನೇ ಸಲ ಅರ್ಥಕ್ಕೆ. ಒಂಬತ್ತು ವರ್ಷ ಅದರೊಳಗೆ ತೆವಳಿದ್ದೇನೆ, ಇದೆಲ್ಲ ಯಾತಕ್ಕೆಂದು ಒಬ್ಬನೂ ಹೇಳಿರಲಿಲ್ಲ. ನಾವು ಅದಕ್ಕೆ ಪೀಪಾಯಿ ಎನ್ನುತ್ತಿದ್ದೆವು. ಒಮ್ಮೆ ಮೇಸ್ತ್ರಿಯನ್ನೇ ಕೇಳಿದ್ದೆ, "ಇಷ್ಟೊಂದು ಕೇಬಲ್ ಯಾಕೆ ಸಾರ್?" ಎಂದು. "ಕರೆಂಟ್ ಬಿಲ್ ಕಡಿಮೆ ಬರ್ತಿದೆಯಂತೆ ಕಣಯ್ಯ, ಎಳಿ ಸುಮ್ನೆ" ಎಂದಿದ್ದರು. ಕಣ್ಣಿಗೆ ಕಾಣದ, ಕೈಗೆ ಸಿಗದ ಒಂದು ವಸ್ತುವಿಗೋಸ್ಕರ ನನ್ನ ಮಂಡಿ ಸವೆದದ್ದು ಎಂದು ಈಗ ತಿಳಿದು ಸಮಾಧಾನವೇ ಆಯಿತು. ಏನೋ ದೊಡ್ಡದಕ್ಕೇ ಸವೆದಿದೆ.

ನೀನು ಸಮ್ಮೇಳನದಲ್ಲಿ ನಿಲ್ಲುತ್ತೀಯ ಎಂದು ಓದಿ ಎದ್ದು ಓಡಾಡಿದೆ. ನಿನ್ನ ಅಮ್ಮ ಇದ್ದಿದ್ದರೆ ಸೀರೆ ಯಾವುದು ಉಡುತ್ತೀಯ ಎಂದು ಮೊದಲು ಕೇಳುತ್ತಿದ್ದಳು. ನನಗೆ ಬರುವ ಪ್ರಶ್ನೆಗಳು ಬೇರೆ ತರಹದವು. ಆ ಹನ್ನೊಂದರಲ್ಲಿ ಕಡಿಮೆ ಬಿದ್ದದ್ದು ಯಾವ ಕಡೆಗೆ? ಸುತ್ತಲೂ ಹಂಚಿಕೊಂಡಿದೆಯೋ, ಒಂದೇ ಕಡೆಗೋ?

ಸುಮ್ಮನೆ ಕೇಳಿದೆ. ಊಟ ಬಿಡಬೇಡ. ನಿಮ್ಮ ಗಡಿಯಾರ ಬಿಟ್ಟರೆ ಬಿಡಲಿ.

ಇಂತಿ,
ಅಪ್ಪ

---

ಏಪ್ರಿಲ್ ೨

ಅಪ್ಪ,

ಸುಮ್ಮನೆ ಕೇಳಿದಿರಾ?

ಪೆಟ್ಟಿಗೆ ತೆರೆದ ಮೇಲೆ ಮಾಡಬೇಕಾದ ಪರೀಕ್ಷೆಗಳ ಪಟ್ಟಿಯೊಂದಿದೆ, ನಲವತ್ತು ಸಾಲು. ದಿಕ್ಕು ನೋಡುವುದು ಮೂವತ್ತನೆಯದು. ಮುಂದಿನ ತಿಂಗಳು ಅದರ ಸರದಿ. ನಿಮ್ಮ ಕಾಗದ ಓದಿ ಅದೇ ಬೆಳಿಗ್ಗೆ ಕೂತು ಮಾಡಿದೆ. ಪೀಪಾಯಿಯ ಸುತ್ತ ಶಕ್ತಿ ಅಳೆಯುವ ಅರವತ್ತನಾಲ್ಕು ಗೂಡುಗಳಿವೆ, ನಿಮಗೆ ಗೊತ್ತೇ ಇದೆ. ಹನ್ನೊಂದರಲ್ಲಿ ನಾಲ್ಕು ಅಲ್ಲೊಂದು ಇಲ್ಲೊಂದು ಚದುರಿವೆ. ಉಳಿದ ಏಳೂ ಹದಿನೇಳನೇ ಗೂಡಿನ ಕಡೆಗೇ ಬೆರಳು ತೋರಿಸುತ್ತಿವೆ.

ಕಪ್ಪು ದ್ರವ್ಯಕ್ಕೆ ಹದಿನೇಳರ ಮೇಲೆ ಪ್ರೀತಿ ಇರಲು ಸಾಧ್ಯವಿಲ್ಲ. ಎಲ್ಲ ಕಡೆಗೂ ಸಮನಾಗಿ ಹೋಗಬೇಕು. ಹಾಗಾಗಿ ಅಲ್ಲಿ ಏನೋ ಕೆಟ್ಟಿದೆ. ಶಕ್ತಿ ಬಂದು ಬಿದ್ದಿದೆ, ಗೂಡು ಲೆಕ್ಕಕ್ಕೆ ತೆಗೆದುಕೊಂಡಿಲ್ಲ, ನಾನು ಅದನ್ನು ಕಾಣೆಯಾಗಿದೆ ಎಂದುಕೊಂಡಿದ್ದೇನೆ. ಆದರೆ ಏನು ಕೆಟ್ಟಿದೆ? ಪ್ರತಿ ಬೆಳಿಗ್ಗೆ ಆ ಗೂಡಿನ ಪರೀಕ್ಷೆ ಆಗುತ್ತದೆ. ಹದಿನಾಲ್ಕು ವರ್ಷದ ದಾಖಲೆ ತೆಗೆದು ನೋಡಿದೆ. ಒಂದು ದಿನವೂ ತಪ್ಪಿಲ್ಲ.

ಗಡಿಯಾರದ ಕೋಣೆಗೆ ಹೋಗಿ ಹೇಳಿದೆ. ಅವರು ನಾನು ಒಯ್ದಿದ್ದ ದಿಕ್ಕಿನ ನಕ್ಷೆ ನೋಡಿದರು. "ನಂಗೂ ಇದು ಇಷ್ಟ ಆಗ್ತಿಲ್ಲಮ್ಮ. ಆದ್ರೆ ಪೆಟ್ಟಿಗೆ ತೆರೆದಾಯ್ತು. ಕಾರಣ ತೋರಿಸು, ಕಿತ್ತು ಬಿಸಾಕೋಣ. ನಮಗೆ ಇಷ್ಟ ಇಲ್ಲ ಅಂತ ಏಳು ಘಟನೇನ ತೆಗೆಯೋ ಹಾಗಿಲ್ಲ" ಎಂದರು. ಪಕ್ಕದ ಮೇಜಿನ ಜೊತೆಗಾರನಿಗಂತೂ ಪ್ರಬಂಧ ಕಳಿಸುವ ಅವಸರ; ಅವನನ್ನು ನಾವು ಕನ್ನಡಕ ಎಂದು ಕರೆಯುತ್ತೇವೆ. "ಅದೃಷ್ಟ ಬಂದು ಬಾಗಿಲು ತಟ್ಟಿದ್ರೆ ನೀನು ಯಾವ ಕಡೆಯಿಂದ ಬಂದೆ ಅಂತ ಕೇಳ್ತೀಯಲ್ಲ ಮಾರಾಯ್ತಿ" ಎಂದು ನಗುತ್ತಾನೆ. ಅವನದೂ ಮೂರು ವರ್ಷದ ಕೆಲಸ, ಅವನಿಗೂ ಡಿಸೆಂಬರೇ ಗಡುವು. ಅವನದು ತಪ್ಪು ಎನ್ನಲಾರೆ.

ಕಾರಣ ಸಿಗದಿದ್ದರೆ ಆಗಸ್ಟಿನಲ್ಲಿ ನಾನು ನಂಬದ ಮಾತನ್ನು ನಾನೇ ನಿಂತು ಹೇಳಬೇಕು. ಸಿಕ್ಕಿದರೆ ಹೇಳಲು ನನ್ನ ಹತ್ತಿರ ಏನೂ ಉಳಿಯುವುದಿಲ್ಲ. ಎರಡರಲ್ಲಿ ಯಾವುದು ಬೇಕೆಂದು ಕೇಳಿಕೊಳ್ಳುತ್ತಾ ಈ ಕಟ್ಟಡದ ಮೆಟ್ಟಿಲು ದಿನಕ್ಕೆ ಇಪ್ಪತ್ತು ಸಲ ಹತ್ತಿಳಿಯುತ್ತಿದ್ದೇನೆ. ಸುಳ್ಳು ಹೇಳಿ ಗೆಲ್ಲುವುದು ಬೇಡ. ಅಷ್ಟು ಮಾತ್ರ ಗೊತ್ತು.

ನಿಮ್ಮ ಹತ್ತಿರ ಆಗಿನ ಕೆಲಸದ ಡೈರಿಗಳಿವೆಯಲ್ಲ? ಹದಿನೇಳನೇ ಗೂಡನ್ನು ಜೋಡಿಸಿದ್ದು ಯಾರು, ಆಗ ಏನಾಗಿತ್ತು, ನೋಡಿ ತಿಳಿಸಿ. ಮತ್ತೆ, ದಿಕ್ಕಿನ ಪ್ರಶ್ನೆ ನಿಮಗೆ ಹೊಳೆದದ್ದು ಹೇಗೆ ಎಂದೂ ತಿಳಿಸಿ.

ನಿಮ್ಮ ಮಗಳು

---

ಏಪ್ರಿಲ್ ೩೦

ಮರಿ,

ಉತ್ತರ ತಡವಾಯಿತು. ಶಾಲೆಯೊಂದರಿಂದ ಹನ್ನೆರಡು ಹೊಲಿಗೆ ಯಂತ್ರಗಳು ಒಟ್ಟಿಗೆ ರಿಪೇರಿಗೆ ಬಂದವು. ಮಕ್ಕಳು ಕಲಿಯುವ ಯಂತ್ರ, ಕೇಳಬೇಕೆ! ಒಂದರ ಒಳಗೆ ಪೆನ್ಸಿಲ್ ತುಂಡು, ಇನ್ನೊಂದರ ಒಳಗೆ ಅರ್ಧ ಬಿಸ್ಕತ್ತು.

ಡೈರಿಗಳು ಅಟ್ಟದ ಮೇಲಿದ್ದವು. ತೇವ ಹಿಡಿದು ಹಾಳೆ ಅಂಟಿಕೊಂಡಿವೆ, ಓದಲು ಬರುವುದಿಲ್ಲ. ಆಗ ಗುಂಪಿನಲ್ಲಿ ಕೆಲಸ ಮಾಡುತ್ತಿದ್ದೆವು, ಯಾವ ಗೂಡು ಯಾರದ್ದೆಂದು ಈಗ ಹೇಳುವುದು ಕಷ್ಟ. ಎಲ್ಲ ಗೂಡುಗಳಿಗೂ ಪರೀಕ್ಷೆ ಮಾಡಿಯೇ ಸಹಿ ಹಾಕಿದ್ದೇವೆ. ಸಹಿ ಇಲ್ಲದೆ ಯಾವ ಗೂಡನ್ನೂ ಮುಚ್ಚುತ್ತಿರಲಿಲ್ಲ.

ದಿಕ್ಕಿನ ಪ್ರಶ್ನೆ ಕೇಬಲಿನವರ ಅಭ್ಯಾಸ. ಎಲ್ಲಾದರೂ ದೀಪ ಹತ್ತಲಿಲ್ಲ ಎಂದರೆ ಯಾವ ಕಡೆಯದು ಎಂದೇ ಮೊದಲು ಕೇಳುವುದು. ಬೇರೆ ಏನಿಲ್ಲ.

ನಿನ್ನ ಮೆಟ್ಟಿಲ ವಿಷಯ ಓದಿ ನಗು ಬಂತು. ಚಿಕ್ಕವಳಿದ್ದಾಗಲೂ ಪರೀಕ್ಷೆ ಹತ್ತಿರ ಬಂತೆಂದರೆ ನಿನ್ನ ಕಾಲಿಗೆ ಚಕ್ರ ಬರುತ್ತಿತ್ತು. ನನಗೂ ಹಾಗೇ ಆಗಿದೆ ಈಗ. ನಾಲ್ಕು ದಿನದಿಂದ ಒಂದು ಸ್ಕ್ರೂ ಕೂಡ ನೆಟ್ಟಗೆ ಕೂರುತ್ತಿಲ್ಲ.

ಇಂತಿ,
ಅಪ್ಪ

---

ಮೇ ೧೧

ಅಪ್ಪ,

ನೀವು ಡೈರಿಯನ್ನು ತೇವ ಹಿಡಿಯಲು ಬಿಡುವವರಲ್ಲ. ಸ್ಕ್ರೂಗಳನ್ನೂ ಅಳತೆಯ ಪ್ರಕಾರ ಡಬ್ಬಿಗಳಲ್ಲಿ ಇಟ್ಟು ಚೀಟಿ ಅಂಟಿಸುವ ಮನುಷ್ಯ ನೀವು. ನನಗೆ ಹಾರಿಕೆಯ ಉತ್ತರ ಕೊಟ್ಟಿದ್ದೀರಿ. ಯಾರನ್ನು ಕಾಪಾಡುತ್ತಿದ್ದೀರಿ? ಮೇಸ್ತ್ರಿಯನ್ನೇ? ಜೊತೆಗಾರರನ್ನೇ? ಕೆಲಸದವರ ಮಾನ ಕಾಯಲು ನಿಮಗೆ ಯಾವಾಗಲೂ ಪುರುಸೊತ್ತಿತ್ತು. ನಮಗೋಸ್ಕರ ಮಾತ್ರ ಇರಲಿಲ್ಲ.

ಬರೆಯಬಾರದೆಂದುಕೊಂಡಿದ್ದೆ, ಇನ್ನು ಬರೆಯದಿದ್ದರೆ ನನ್ನ ತಲೆ ಕೆಡುತ್ತದೆ. ಅಮ್ಮ ಹೋದ ದಿನ ಬೆಳಿಗ್ಗೆ ಎಂಟಕ್ಕೆ ಆಸ್ಪತ್ರೆಯಿಂದ ನಿಮ್ಮ ಕಚೇರಿಗೆ ಫೋನ್ ಮಾಡಿಸಿದೆ. ಅಲ್ಲಿಂದ ಆಸ್ಪತ್ರೆಗೆ ಮೂರೂವರೆ ಗಂಟೆಯ ದಾರಿ. ಹನ್ನೆರಡರ ತನಕ ಅಮ್ಮನಿಗೆ ಎಚ್ಚರವಿತ್ತು. ಮೂರು ಸಲ ಕೇಳಿದರು, "ಬಂದ್ರಾ?" ಅಂತ. ನಾನು ಮೂರು ಸಲವೂ "ದಾರೀಲಿದ್ದಾರೆ" ಎಂದೆ. ಒಂದೂವರೆಗೆ ಹೋದರು. ನೀವು ವರಾಂಡದ ತುದಿಯಿಂದ ನಡೆದು ಬಂದಾಗ ಎರಡು ಗಂಟೆ. "ಕೆಲಸ ಮುಗೀತಾ?" ಎಂದು ಕೇಳಿದೆ. "ಮುಗೀತು" ಎಂದಿರಿ. ಹದಿನಾರು ವರ್ಷದವಳಿಗೂ ಕೂಡಿಸಿ ಕಳೆಯಲು ಬರುತ್ತದೆ. ಫೋನು ಬಂದ ಮೇಲೂ ಎರಡೂವರೆ ಗಂಟೆ ಕೂತು ಕೆಲಸ ಮುಗಿಸಿ ಎದ್ದು ಬಂದಿರಿ.

ಆ ಎರಡೂವರೆ ಗಂಟೆ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿದೆ. ಆಮೇಲೆ ನಿಮ್ಮ ಜೊತೆ ಆಡಿದ ಯಾವ ಮಾತೂ ಅದನ್ನು ದಾಟಿ ಬಂದಿಲ್ಲ.

ಇನ್ನು ಕೇಳುವುದಿಲ್ಲ. ಪ್ರಬಂಧ ಸಿದ್ಧವಾಗುತ್ತಿದೆ. ಆಗಸ್ಟ್ ಇಪ್ಪತ್ತಕ್ಕೆ ನನ್ನ ಭಾಷಣ. ಹನ್ನೊಂದು ಎಂದೇ ಹೇಳುತ್ತೇನೆ.

ನಿಮ್ಮ ಮಗಳು

---

ಜುಲೈ ೬

ಮರಿ,

ಇದು ನಾಲ್ಕನೇ ಸಲ ಬರೆಯುತ್ತಿರುವುದು. ಮೂರನ್ನು ಹರಿದೆ. ಈ ಸಲ ಅಂಚೆ ಕಚೇರಿಯ ಬೆಂಚಿನ ಮೇಲೆಯೇ ಕೂತಿದ್ದೇನೆ. ಮನೆಗೆ ಹೋದರೆ ಮತ್ತೆ ಹರಿಯುತ್ತೇನೆ.

ಹದಿನೇಳನೇ ಗೂಡು ನನ್ನದು. ಜೋಡಿಸಿದವನು ನಾನು, ಸಹಿ ನನ್ನದು, ಸುಳ್ಳೂ ನನ್ನದು. ಡೈರಿಗೆ ತೇವ ಹಿಡಿದಿಲ್ಲ.

ಪ್ರತಿ ಗೂಡಿನಿಂದಲೂ ಎರಡು ತಂತಿ ಬರುತ್ತವೆ. ಒಂದು ಸಣ್ಣ ಶಕ್ತಿಯನ್ನು ಅಳೆಯಲು, ಇನ್ನೊಂದು ದೊಡ್ಡದನ್ನು. ಅಂಗಡಿಯಲ್ಲಿ ಕಾಳು ತೂಗಲು ಒಂದು ತಕ್ಕಡಿ, ಮೂಟೆ ತೂಗಲು ಇನ್ನೊಂದು ಇರುವುದಿಲ್ಲವೇ, ಹಾಗೆ. ನೀವು ದಿನಾ ಬೆಳಿಗ್ಗೆ ಮಾಡುವುದು ಸಣ್ಣ ತಂತಿಯ ಪರೀಕ್ಷೆ. ದೊಡ್ಡ ತಂತಿಯದನ್ನು ಯಂತ್ರ ನಿಲ್ಲಿಸಿ ಮಾಡಬೇಕು, ದಿನಗಟ್ಟಲೆ ಹಿಡಿಯುತ್ತದೆ. ಅದಕ್ಕೇ ಜೋಡಿಸುವ ದಿನ ಒಮ್ಮೆ ಮಾಡಿ, ಹಾಳೆಯಲ್ಲಿ "ಸರಿ" ಎಂದು ಬರೆದು ಸಹಿ ಹಾಕಿದರೆ ಮುಗಿಯಿತು. ಆಮೇಲೆ ಆ ಹಾಳೆಯನ್ನೇ ಎಲ್ಲರೂ ನಂಬುವುದು. ದೊಡ್ಡ ತಂತಿ ಕೆಟ್ಟಿದ್ದರೆ ಅದು ತಿಳಿಯುವುದು ಬಹಳ ದೊಡ್ಡ ಶಕ್ತಿ ಬಂದು ಬಿದ್ದಾಗ ಮಾತ್ರ. ಅಂದರೆ ನೀನು ಹುಡುಕುವಂಥ ಘಟನೆಗಳಲ್ಲಿ ಮಾತ್ರ.

ಆ ದಿನ ಕನೆಕ್ಟರ್ ಕೂರಿಸುವಾಗ ದೊಡ್ಡ ತಂತಿಯ ಪಿನ್ನು ಬಾಗಿತು. ಬಾಗಿದ ಪಿನ್ನನ್ನು ಬದಲಿಸಬೇಕು, ನೆಟ್ಟಗೆ ಮಾಡಿ ತುರುಕಬಾರದು. ಹೊಸಬರಿಗೆ ನಾನೇ ಕಲಿಸುತ್ತಿದ್ದ ಮೊದಲ ಪಾಠ ಇದು. ಹೊಸ ಪಿನ್ನು ತೆಗೆಯಲು ಕೈ ಹಾಕಿದ್ದೆ. ಅಷ್ಟರಲ್ಲಿ ಟೀ ಗಾಡಿಯವನು ಬಂದು ಒಂದು ಚೀಟಿ ಕೊಟ್ಟ. "ಬೆಳಿಗ್ಗೇನೇ ಬಂದಿತ್ತಂತಣ್ಣ, ಮೇಲೆ ಆಫೀಸಿನ ಟ್ರೇಯಲ್ಲಿ ಬಿದ್ದಿತ್ತು" ಎಂದ. ನೀನು ಎಂಟಕ್ಕೆ ಹೇಳಿಸಿದ್ದ ಸುದ್ದಿ ಅದು. ನೂರು ಮೀಟರ್ ಕೆಳಗೆ ಇಳಿದು ನನ್ನ ಕೈ ಸೇರಿದಾಗ ಹತ್ತೂವರೆ.

ಹಾಳೆ ಖಾಲಿ ಬಿಟ್ಟರೆ ಬದಲಿಯವರು ಬರುವ ತನಕ ಜಾಗ ಬಿಡುವಂತಿರಲಿಲ್ಲ. ಅದಕ್ಕೆ ಇನ್ನೂ ಒಂದು ಗಂಟೆ ಬೇಕು. ಇಕ್ಕಳದಲ್ಲಿ ಪಿನ್ನು ಹಿಡಿದು ನೆಟ್ಟಗೆ ಮಾಡಿದೆ, ತುರುಕಿದೆ. ಸಣ್ಣ ತಂತಿಯ ದೀಪ ಹತ್ತಿತು. ದೊಡ್ಡದನ್ನು ನೋಡಲೇ ಇಲ್ಲ. "ಸರಿ" ಎಂದು ಬರೆದೆ, ಸಹಿ ಹಾಕಿದೆ, ಓಡಿದೆ. ಇಷ್ಟಕ್ಕೆಲ್ಲ ಎರಡು ನಿಮಿಷವೂ ಆಗಿರಲಿಕ್ಕಿಲ್ಲ.

ನೀನು "ಕೆಲಸ ಮುಗೀತಾ?" ಎಂದು ಕೇಳಿದಾಗ ನನ್ನ ತಲೆಯಲ್ಲಿದ್ದದ್ದು ಆ ಹಾಳೆ. ಕೈಯಲ್ಲಿ ಬರೆದು ಬಂದಿದ್ದ ಸುಳ್ಳೇ ಬಾಯಿಗೂ ಬಂತು. ಮುಗಿದಿಲ್ಲ, ಬಿಟ್ಟು ಓಡಿ ಬಂದೆ ಎಂದು ಹೇಳಬಹುದಿತ್ತು. ಹೇಳಿದರೆ ಗೂಡಿನ ಕತೆಯೂ ಹೊರಬೀಳುತ್ತದೆ. ಹತ್ತು ದಿನ ಬಿಟ್ಟು ಮರಳಿ ಹೋದಾಗ ಗೂಡಿನ ಮೇಲೆ ಮುಚ್ಚಳ ಬಿದ್ದು ಬೆಸುಗೆಯೂ ಆಗಿತ್ತು. ಎರಡು ಸಲ ಮೇಸ್ತ್ರಿಯ ಕೋಣೆಯ ಬಾಗಿಲವರೆಗೆ ಹೋಗಿ ವಾಪಸು ಬಂದೆ. ಆಮೇಲೆ ಯಂತ್ರ ಓಡಿತು, ದಿನದಿನವೂ ಎಲ್ಲ ಸರಿ ಎಂದರು, ನಾನೂ ನಂಬತೊಡಗಿದೆ. ಕೆಲಸ ಕೆಡಿಸಿದವನು ಅನ್ನಿಸಿಕೊಳ್ಳುವುದಕ್ಕಿಂತ ಕಲ್ಲು ಮನಸ್ಸಿನವನು ಅನ್ನಿಸಿಕೊಳ್ಳುವುದು ನನಗೆ ಸುಲಭವಾಯಿತು. ನಾಚಿಕೆಗೇಡು. ಆದರೆ ನಿಜ.

ಮತ್ತೆ, ಬೇಗ ಹೊರಟೆನೋ ತಡವಾಗಿ ಹೊರಟೆನೋ, ಅವಳು "ಬಂದ್ರಾ" ಎಂದಾಗ ನಾನು ಅಲ್ಲಿರಲಿಲ್ಲ. ಅದಕ್ಕೆ ವಿವರಣೆ ಕೊಟ್ಟು ಏನು ಸಾಧಿಸಲಿ ಅನ್ನಿಸಿತು.

ನಿನ್ನ ಹನ್ನೊಂದರಲ್ಲಿ ಏಳು ನಾನು ಕೆಡಿಸಿದ್ದು. ನಿನ್ನ ಮೊದಲ ಕಾಗದ ಓದಿದ ಕ್ಷಣವೇ ಅನುಮಾನ ಬಂದಿತ್ತು. ಕ್ಷಮಿಸು ಎನ್ನುವ ಮಾತು ಚಿಕ್ಕದಾಯಿತು, ಬೇರೆ ಮಾತು ಗೊತ್ತಿಲ್ಲ. ಭಾಷಣಕ್ಕೆ ಮೊದಲು ಇದು ತಲುಪಲಿ.

ಇಂತಿ,
ಅಪ್ಪ

---

ಆಗಸ್ಟ್ ೩

ಮರಿ,

ನಿನ್ನಿಂದ ಉತ್ತರವಿಲ್ಲ. ಬರೆಯಲೇಬೇಕೆಂದೇನಿಲ್ಲ. ನನ್ನ ಕಾಗದ ನಿನಗೆ ಸಿಕ್ಕಿತೋ ಇಲ್ಲವೋ ಎಂಬುದೊಂದೇ ಕೊರೆಯುತ್ತಿದೆ. ದಿನಕ್ಕೆ ನಾಲ್ಕು ಸಲ ಕೆಳಗಿಳಿದು ನೋಡುತ್ತೇನೆ, ಲಾಂಡ್ರಿಯವಳು ದೂರದಿಂದಲೇ ಇಲ್ಲವೆಂದು ಕೈಯಾಡಿಸುತ್ತಾಳೆ.

ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದವನು ನಾನು. ಈಗ ನನ್ನ ತಪ್ಪನ್ನು ನಿನ್ನ ಬಾಯಿಂದ ಹೇಳಿಸುವುದು ಯಾವ ನ್ಯಾಯ? ಮೊನ್ನೆ ನಾನೇ ಪ್ರಯೋಗಾಲಯದ ಗೇಟಿಗೆ ಹೋದೆ. ಅಲ್ಲಿ ಹೊಸಬರು, ನನ್ನ ಗುರುತು ಯಾರಿಗೂ ಇಲ್ಲ. ಕಿಟಕಿಯ ಹಿಂದಿನ ಹುಡುಗಿಗೆ "ತಪ್ಪು ಒಪ್ಪಿಕೊಳ್ಳೋಕೆ ಬಂದಿದೀನಿ" ಎಂದೆ. ಅವಳು ಪಾಪ ಗಾಬರಿಯಾಗಿ, ಅದಕ್ಕೆ ಯಾವ ಫಾರಂ ಎಂದು ಪಕ್ಕದವಳನ್ನು ಕೇಳಿದಳು. ಅಂಥ ಫಾರಂ ಇಲ್ಲವಂತೆ. ಸಂದರ್ಶಕರ ಫಾರಂನ ಹಿಂದೆಯೇ ಎಲ್ಲ ಬರೆದೆ. ದಿನಾಂಕ, ಗೂಡು, ಪಿನ್ನು, ನನ್ನ ಹೆಸರು. ಬೆಸುಗೆ ಬಿಚ್ಚಿದರೆ ಕೇಬಲಿನ ಕಟ್ಟನ್ನು ಯಾವ ಕಡೆಯಿಂದ ಎಳೆಯಬೇಕೆಂದು ಚಿತ್ರವನ್ನೂ ಬಿಡಿಸಿದೆ. ಬಲಗಡೆಯಿಂದ ಎಳೆದರೆ ಪಕ್ಕದ ಮೂರು ಗೂಡುಗಳೂ ಹೋಗುತ್ತವೆ. ಇದು ನನ್ನ ಹೊರತು ಈಗ ಯಾರಿಗೂ ಗೊತ್ತಿಲ್ಲ.

ಹೊರಗೆ ಬಂದೆ. ಬಸ್ ಸ್ಟಾಪಿನಲ್ಲಿ ಕೂರಲು ಜಾಗವಿದ್ದರೂ ಕೂರಲಾಗಲಿಲ್ಲ. ನಡೆದೇ ಮನೆಗೆ ಬಂದೆ.

ನಿನ್ನ ಕೆಲಸ ಹೋಗುತ್ತದೆಯೇ? ಅದೊಂದನ್ನು ತಿಳಿಸು. ಬೇರೆ ಏನೂ ಬರೆಯದಿದ್ದರೂ ಆದೀತು.

ಇಂತಿ,
ಅಪ್ಪ

---

ಸೆಪ್ಟೆಂಬರ್ ೯

ಅಪ್ಪ,

ನಿಮ್ಮ ಜುಲೈನ ಕಾಗದ ಸಿಕ್ಕಿತ್ತು. ಆಗಸ್ಟಿನದೂ ಸಿಕ್ಕಿತು. ಉತ್ತರ ಬರೆಯಲು ಕೂತಾಗಲೆಲ್ಲ ಎದ್ದು ಹೋಗಿದ್ದೇನೆ. ಮೊದಲು ಕೆಲಸದ ವಿಷಯ ಹೇಳಿಬಿಡುತ್ತೇನೆ, ಅದು ಸುಲಭ.

ಜುಲೈನ ಕಾಗದವನ್ನು ಗಡಿಯಾರದ ಮುಂದಿಟ್ಟೆ. ಓದಿ ಮುಗಿಸಿ ಮಡಚಿ ನನ್ನ ಕೈಗೆ ಕೊಟ್ಟರು. "ಕಾರಣ ಕೇಳಿದ್ದೆ. ಇಂಥಾದ್ದು ಕೇಳಿರ್ಲಿಲ್ಲ" ಎಂದರು. ನಿರ್ವಹಣೆಗೆಂದು ಯಂತ್ರ ನಿಲ್ಲಿಸುವ ದಿನ ಹತ್ತಿರವಿತ್ತು. ದೊಡ್ಡ ತಂತಿಗಳ ಪರೀಕ್ಷೆ ನಡೆಸಿದರು. ಅರವತ್ತಮೂರು ಗೂಡು ಸರಿಯಿದ್ದವು, ಹದಿನೇಳನೆಯದು ಸತ್ತಿತ್ತು. ಏಳು ಘಟನೆಗಳನ್ನು ತೆಗೆದುಹಾಕಿದೆವು.

ಆಗಸ್ಟ್ ಇಪ್ಪತ್ತಕ್ಕೆ ಎದ್ದು ನಿಂತು, ಮೂರು ಇರಬೇಕಾದಲ್ಲಿ ನಾಲ್ಕು ಸಿಕ್ಕಿವೆ, ಅಂದರೆ ಏನೂ ಸಿಕ್ಕಿಲ್ಲ ಎಂದು ಹೇಳಿದೆ. ಸೂಪರ್‌ಸಿಮೆಟ್ರಿಯ ಆ ಕಣ ಇದ್ದರೆ, ನಾವು ಹುಡುಕಿದ ಭಾರಗಳಲ್ಲಿ ಇಲ್ಲ; ಅದಕ್ಕಿಂತ ಭಾರವಾದ ಕಡೆ ಹುಡುಕಬೇಕು. ಅದೂ ಒಂದು ಉತ್ತರವೇ, ಆದರೆ ಚಪ್ಪಾಳೆ ಸಣ್ಣದು. ಹಿಂದಿನ ಸಾಲಿನವರೊಬ್ಬರು ಆ ಏಳು ಏನಾದವು ಎಂದು ಕೇಳಿದರು. ಗೂಡು ಜೋಡಿಸುವಾಗ ಪಿನ್ನು ಬಾಗಿತ್ತು, ಜೋಡಿಸಿದವರು ತಾವಾಗಿ ಬಂದು ಹೇಳಿದರು, ಅವರು ನನ್ನ ತಂದೆ ಎಂದೆ. ನನಗೆ ತಲೆ ತಗ್ಗಿಸಬೇಕೆಂದು ಅನ್ನಿಸಲಿಲ್ಲ. ಡಿಸೆಂಬರಿನ ನಂತರ ಏನೆಂದು ಇನ್ನೂ ಗೊತ್ತಿಲ್ಲ. ಕನ್ನಡಕ ಎರಡು ವಾರ ಮಾತು ಬಿಟ್ಟಿದ್ದ, ಈಗ ನಾಲ್ಕನೆಯ ಘಟನೆಯ ಬಗ್ಗೆ ತಲೆ ತಿನ್ನುತ್ತಿದ್ದಾನೆ.

ಗೂಡು ಬಿಚ್ಚುವಾಗ ನೋಡಬೇಕೆಂದು ನಾನೇ ಹೇಳಿ ಬಂದೆ. ನಾಲ್ಕು ದಿನದಿಂದ ನಿಮ್ಮ ಊರಿನಲ್ಲಿದ್ದೇನೆ. ನಿಮ್ಮ ಬೀದಿಯ ತುದಿಯವರೆಗೆ ಮೂರು ಸಲ ಬಂದು ಹಿಂದಕ್ಕೆ ಹೋಗಿದ್ದೇನೆ. ಪೀಪಾಯಿ ನಾನು ಅಂದುಕೊಂಡದ್ದಕ್ಕಿಂತ ಬಹಳ ದೊಡ್ಡದು. ನೀವು ತೆವಳುತ್ತಿದ್ದ ಜಾಗ ಬಹಳ ಚಿಕ್ಕದು. ನಿಮ್ಮ ಚಿತ್ರ ನೋಡಿಕೊಂಡು ಎಡಗಡೆಯಿಂದಲೇ ಎಳೆದರು. ಪಿನ್ನಿನ ಮೇಲೆ ಇಕ್ಕಳದ ಹಲ್ಲಿನ ಗುರುತು ಹಾಗೇ ಇತ್ತು.

ಈಗ ಹೇಳಲು ಆಗದೆ ಇದ್ದ ವಿಷಯ.

ಮೊನ್ನೆ ಸಂಜೆ ಮೇಲೆ ಬಂದು, ಯೋಚನೆಯಲ್ಲಿ ಹೆಲ್ಮೆಟ್ ಹಾಕಿಕೊಂಡೇ ಗೇಟಿನ ಕಡೆ ಹೊರಟೆ. ಕಾವಲಿನವರು ಕೂಗಿ ನಿಲ್ಲಿಸಿದರು. "ಏನಮ್ಮಾ, ಎಲ್ಲಿಗೆ? ಕೆಲಸ ಮುಗಿಸಿ ಹೋಗೋರು ಹೆಲ್ಮೆಟ್ ಇಲ್ಲಿ ಕೊಟ್ಟು, ಪುಸ್ತಕದಲ್ಲಿ ಸಹಿ ಹಾಕಿ ಹೋಗ್ಬೇಕು. ಯಾವತ್ತಿಂದಲೂ ಇರೋ ರೂಲ್ಸು ಇದು. ಮನೇಲಿ ಏನೋ ಆಗಿ ಓಡೋರು ಮಾತ್ರ ಹೀಗೆ ಹಾಕ್ಕೊಂಡೇ ಹೋಗ್ಬಿಡ್ತಾರೆ" ಎಂದರು.

ಅಲ್ಲೇ ನಿಂತುಬಿಟ್ಟೆ. ವರಾಂಡದ ತುದಿಯಿಂದ ನೀವು ನಡೆದು ಬಂದಾಗ ನಿಮ್ಮ ತಲೆಯ ಮೇಲೆ ಹಳದಿ ಹೆಲ್ಮೆಟ್ ಇತ್ತು. ಎರಡು ಬಸ್ಸು ಹತ್ತಿ ಇಳಿದಿದ್ದಿರಿ, ತೆಗೆದಿರಲಿಲ್ಲ. ನನಗೆ ಅದು ಚೆನ್ನಾಗಿ ನೆನಪಿದೆ, ಒಂದು ದಿನವೂ ಮರೆತಿಲ್ಲ. ಹೆಂಡತಿಯನ್ನು ಕೊನೆಯ ಸಲ ನೋಡಲು ಕೂಡ ಕೆಲಸವನ್ನು ತಲೆಯ ಮೇಲೆ ಹೊತ್ತುಕೊಂಡೇ ಬಂದರು ಎಂದು ಅದನ್ನೇ ನಿಮ್ಮ ವಿರುದ್ಧದ ಸಾಕ್ಷಿಯಾಗಿ ಇಟ್ಟುಕೊಂಡಿದ್ದೆ. ಸಾಕ್ಷಿ ಓದುವುದೇ ನನ್ನ ಹೊಟ್ಟೆಪಾಡು ಅಪ್ಪ, ಇದನ್ನು ತಲೆಕೆಳಗಾಗಿ ಓದಿದೆ. ಕೆಲಸ ಮುಗಿಸಿ ನಿಧಾನವಾಗಿ ಎದ್ದು ಬಂದ ಒಬ್ಬ ಮನುಷ್ಯನ ಮೇಲೆ ಹದಿನಾಲ್ಕು ವರ್ಷ ಸಿಟ್ಟಾಗಿದ್ದೆ. ಆ ಮನುಷ್ಯ ಇರಲೇ ಇಲ್ಲ.

ಇದನ್ನು ಅಂಚೆಗೆ ಹಾಕುವುದಿಲ್ಲ. ಬಾಗಿಲ ಕೆಳಗಿನಿಂದ ಒಳಕ್ಕೆ ತಳ್ಳಿ ಮೆಟ್ಟಿಲ ಮೇಲೆ ಕೂತಿರುತ್ತೇನೆ. ಓದಿ ಆದ ಮೇಲೆ ಬಾಗಿಲು ತೆಗೆಯಿರಿ.

ನಿಮ್ಮ ಮಗಳು